ಬೆನ್ನೊಳಗೆ ಸೈಕಲ್ ಚೈನ್ ಇರುವ ಸೋಫಾ

ಮಿಲಾನಿನ ನಮ್ಮ ಮನೆಗೆ ಕೊನೆಗೂ ಒಂದು ಹಳೆಯ ಮಾರಾಲುಂಗಾ ಸೋಫಾ ಬಂತು. ಎರಡು ಸೀಟಿನದು, ಕಂದು ಚರ್ಮದ್ದು. ಇಟಲಿಯ ವಿನ್ಯಾಸಕಾರ ವೀಕೋ ಮಾಜಿಸ್ಟ್ರೆಟ್ಟಿ 1973ರಲ್ಲಿ ಕಸ್ಸೀನಾ ಅನ್ನೋ ಪೀಠೋಪಕರಣ ಕಂಪನಿಗೆ ಮಾಡಿಕೊಟ್ಟ ವಿನ್ಯಾಸ ಇದು. 1979ರಲ್ಲಿ ಇಟಲಿಯ ದೊಡ್ಡ ವಿನ್ಯಾಸ ಪ್ರಶಸ್ತಿ ಕೊಂಪಾಸ್ಸೊ ದೋರೊ ಕೂಡ ಸಿಕ್ಕಿತು. ನಮ್ಮದನ್ನು ರಿಪೇರಿ ಮಾಡಿ ಮಾರಿದವರು ಬ್ರಿಯಾಂಜಾ ಕಡೆಯ ಒಬ್ಬ ಕುಶನ್ ಕೆಲಸದವರು. ಕಸ್ಸೀನಾದ ಊರು ಮೇದಾ ಕೂಡ ಅದೇ ಸೀಮೆಯದು.

ಈ ಸೋಫಾದ ಜೀವ ಇರುವುದೇ ಬೆನ್ನಲ್ಲಿ. ನೋಡಿದರೆ ಗಿಡ್ಡ, ದಪ್ಪ ಬೆನ್ನು. ಮೇಲಂಚು ಹಿಡಿದು ಎತ್ತಿದರೆ ಮಡಚಿಕೊಂಡಿದ್ದ ಭಾಗ ಎದ್ದು ತಲೆಗೆ ಆಸರೆಯಾಗುತ್ತದೆ. ಬೇಡವಾದರೆ ಒತ್ತಿ, ಮತ್ತೆ ಮಡಚಿಕೊಳ್ಳುತ್ತದೆ. ಗುಂಡಿ ಇಲ್ಲ, ಹಿಡಿ ಇಲ್ಲ. ಉಕ್ಕಿನ ಚೌಕಟ್ಟಿನೊಳಗೆ ಸೈಕಲ್ ಚೈನ್ ಕೂರಿಸಿದ್ದಾರೆ, ಅಷ್ಟೇ! ಮೊದಲ ಮಾದರಿ ಹಿಡಿಸದೆ ಕಂಪನಿಯ ಯಜಮಾನ ಚೆಸರೆ ಕಸ್ಸೀನಾ ಅದಕ್ಕೊಂದು ಗುದ್ದು ಕೊಟ್ಟರಂತೆ. ಅದು ಮುರಿದು ಬಾಗಿದ್ದನ್ನು ನೋಡಿ ಮಾಜಿಸ್ಟ್ರೆಟ್ಟಿ, ಹೀಗೇ ಚೆನ್ನಾಗಿದೆ ಅಂದರಂತೆ. ಎಂಥ ಕಣ್ಣು ಅಲ್ವಾ?

ರಿಪೇರಿಯವರು ಸೋಫಾ ಬಿಚ್ಚಿದಾಗ ತೆಗೆದ ಫೋಟೋಗಳನ್ನೆಲ್ಲ ತೋರಿಸಿದರು. ನಾನು ದುಡ್ಡು ಕೊಡಲು ಒಪ್ಪಿದ್ದೇ ಅದನ್ನು ನೋಡಿ. ಹಳೆಯ ಫೋಮ್ ಹಳದಿಯಾಗಿ, ಮುಟ್ಟಿದರೆ ಹಿಟ್ಟಿನಂತೆ ಉದುರುತ್ತಿತ್ತು. ಅದನ್ನು ಪೂರ್ತಿ ತೆಗೆದು ಹೊಸದು ಹಾಕಿದ್ದಾರೆ. ಚೌಕಟ್ಟಿನ ತುಕ್ಕು ಉಜ್ಜಿ, ಚೈನಿಗೆ ಎಣ್ಣೆ ಬಿಟ್ಟು ಹಾಗೇ ಉಳಿಸಿಕೊಂಡಿದ್ದಾರೆ. ಚರ್ಮವೂ ಮೊದಲಿನದೇ. ಕೈ ಇಡುವ ಕಡೆ ಬಣ್ಣ ಮಾಸಿದೆ, ಅಲ್ಲೊಂದು ಗೀರಿದೆ. ಅದರ ಮೇಲೆ ಬಣ್ಣ ಬಳಿದು ಮುಚ್ಚಿಲ್ಲ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಸುಮ್ನೆ ಹೊಸ ಚರ್ಮ ಹೊದಿಸಿ ಮಿರಿಮಿರಿ ಮಾಡಿದ್ದರೆ ಹಳೆಯದನ್ನು ಯಾಕೆ ತಗೊಳ್ಳಬೇಕು?

ಒಂದು ತಕರಾರೂ ಇದೆ. ಎಡಗಡೆ ಸೀಟಿಗೆ ಫೋಮ್ ಜಾಸ್ತಿ ತುಂಬಿದ್ದರು. ಐವತ್ತು ವರ್ಷದ ಚರ್ಮ ಎಷ್ಟು ಅಂತ ತಡೆಯುತ್ತದೆ? ಕೆಲವೇ ತಿಂಗಳಲ್ಲಿ ಅಂಚಿನ ಹೊಲಿಗೆ ಬಿಟ್ಟಿತು. ಫೋನ್ ಮಾಡಿದ ಮೇಲೆ ತಗೊಂಡು ಹೋಗಿ, ಫೋಮ್ ಇಳಿಸಿ ಹೊಲಿದು ಕೊಟ್ಟರು. ದುಡ್ಡು ಕೇಳಲಿಲ್ಲ. ಆದರೂ ಈ ಕೆಲಸವನ್ನೇ ಮಾಡುವವರಿಗೆ ಇದು ಮೊದಲೇ ಗೊತ್ತಿರಬೇಕಿತ್ತು.

ಹುಬ್ಬಳ್ಳಿಯಿಂದ ಬಂದಿದ್ದ ಅಮ್ಮ ಮೊದಲ ದಿನವೇ, "ಭಾಳ ಕೆಳಗ ಐತಿ, ಏಳಾಕ ತ್ರಾಸ ಆಗ್ತೈತಿ" ಅಂದರು. ನಿಜ, ಮಂಡಿ ನೋವಿರುವವರಿಗೆ ಇದು ಹೇಳಿಸಿದ್ದಲ್ಲ. ಆದರೆ ಸೀಟು ಅಗಲ. ಚಕ್ಕಳಮಕ್ಕಳ ಹಾಕಿ ಕೂತು, ತಲೆಯ ಆಸರೆ ಎತ್ತಿಕೊಂಡರೆ ಅಮ್ಮನಿಗೂ ಗಂಟೆಗಟ್ಟಲೆ ಏಳುವ ಮನಸ್ಸಿರಲಿಲ್ಲ.

ನೀವೂ ಹಳೆಯದನ್ನು ಕೊಳ್ಳುವುದಾದರೆ ಎರಡೂ ಬೆನ್ನನ್ನು ನಾಲ್ಕಾರು ಸಲ ಎತ್ತಿ ಇಳಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು, ಎತ್ತಿದಲ್ಲಿ ನಿಲ್ಲಬೇಕು. ಒಳಗಿನ ಫೋಟೋ ಕೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಬೇರೆ ಅಂಗಡಿ ಹುಡುಕಿ.