ಡ್ರೋನ್ ತೋಳಿಗೆ ಸುತ್ತುವ ಬಟ್ಟೆ ಟೇಪ್: ಎರಡು ವರ್ಷದ ಬಳಕೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ವೈರಿಂಗ್ ಸಾಮಾನಿನ ಅಂಗಡಿಗೆ ಹೋಗಿ "ಹಾರ್ನೆಸ್‌ಗೆ ಸುತ್ತೋ ಬಟ್ಟೆ ಟೇಪ್" ಅಂದರೆ ಸಾಕು. 19 ಎಂ.ಎಂ. ಅಗಲದ ಕಪ್ಪು ಸುರುಳಿ ಕೊಡುತ್ತಾರೆ. ನನ್ನದು ಐದಿಂಚು ಪ್ರೊಪೆಲ್ಲರ್‌ನ ಎಫ್‌ಪಿವಿ ಡ್ರೋನ್, ಅಂದರೆ ಅದರ ಕ್ಯಾಮೆರಾ ದೃಶ್ಯ ನೋಡುತ್ತಾ ಹಾರಿಸುವಂಥದ್ದು. ಅದರ ಕಾರ್ಬನ್ ಫೈಬರ್ ತೋಳುಗಳ ಮೇಲೆ ಹಾಯುವ ಮೋಟಾರ್ ವೈರ್‌ಗಳಿಗೆ ಎರಡು ವರ್ಷದಿಂದ ಇದೇ. ಮೊದಲು ಮಾಮೂಲಿ ಇನ್ಸುಲೇಶನ್ ಟೇಪ್ ಹಾಕುತ್ತಿದ್ದೆ. ನಾಲ್ಕು ಬ್ಯಾಟರಿ ಖಾಲಿಯಾಗುವಷ್ಟರಲ್ಲಿ ಬಿಸಿಗೆ ಅಂಟು ಜಾರಿ, ತುದಿ ಎದ್ದು ನಿಲ್ಲುತ್ತಿತ್ತು.

ಇದನ್ನು ಸುತ್ತುವುದೇ ಒಂದು ಖುಷಿ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಕೂರುತ್ತೇನೆ. ಕತ್ತರಿ ಬೇಡ, ಟರ್ ಅಂತ ಕೈಯಲ್ಲೇ ನೇರವಾಗಿ ಹರಿಯುತ್ತದೆ. ಮೋಟಾರ್‌ನ ಮೂರು ವೈರ್ ತೋಳಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಹೆಬ್ಬೆರಳಲ್ಲಿ ಒತ್ತಿಕೊಂಡು ಸುತ್ತುತ್ತಾ ಬರಬೇಕು.

ಆದರೆ ಕಳೆದ ಬೇಸಿಗೆಯಲ್ಲಿ ನನಗೆ ಇದರ ಮೇಲೆ ಸಿಟ್ಟು ಬಂತು. ಊರಿನ ಬತ್ತಿದ ಕೆರೆ ಅಂಗಳದಲ್ಲಿ ಹಾರಿಸುವಾಗ ಹಿಂದಿನ ಒಂದು ಮೋಟಾರ್ ನಿಂತಿತು. ಡ್ರೋನ್ ಗಿರಗಿರ ತಿರುಗಿ ಜಾಲಿ ಪೊದೆಗೆ ಬಿತ್ತು. ಎತ್ತಿಕೊಂಡರೆ ಸುಟ್ಟ ವಾಸನೆ. ಟೇಪ್ ಮಾತ್ರ ನಿನ್ನೆ ಸುತ್ತಿದ ಹಾಗೆ ಇತ್ತು. ಬಿಚ್ಚಿದಾಗ ಎರಡು ವೈರ್‌ಗಳ ಕೆಳಮೈಯಲ್ಲಿ ಸಿಲಿಕೋನ್ ಹೊದಿಕೆ ಸೀಳಿ ತಾಮ್ರ ಮಿನುಗುತ್ತಿತ್ತು.

ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ, ಅಲ್ವಾ? ಒಂದು ವೈರ್ ತಾಗಿದರೆ ಏನೂ ಗೊತ್ತಾಗದೇ ಇರಬಹುದು. ಎರಡನೆಯದೂ ತಾಗಿದರೆ ತೋಳಿನ ಮೂಲಕವೇ ಶಾರ್ಟ್. ನನ್ನದು ನಾಲ್ಕೂ ಮೋಟಾರ್‌ಗೆ ಒಂದೇ ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ) ಬೋರ್ಡ್. ಒಂದು ಮೂಲೆ ಸುಟ್ಟಿದ್ದಕ್ಕೆ ಇಡೀ ಬೋರ್ಡ್ ಬದಲಾಯಿಸಬೇಕಾಯಿತು. ಆ ತಿಂಗಳ ಉಳಿತಾಯವೆಲ್ಲ ಅದಕ್ಕೇ ಹೋಯಿತು.

ತಪ್ಪು ಟೇಪಿನದಲ್ಲ ಅಂತ ಆಮೇಲೆ ಅರ್ಥವಾಯಿತು. ನಾನು ವೈರ್‌ನ ಮೇಲಿಂದ ಸುತ್ತುತ್ತಿದ್ದೆ. ಹೊಟ್ಟೆಯ ಕಡೆ ವೈರ್ ಬರೀ ಕಾರ್ಬನ್ ಮೇಲೆ, ಅದೂ ತೋಳು ಬಾಡಿಗೆ ಸೇರುವ ಚೂಪು ಅಂಚಿನ ಮೇಲೆ. ಪ್ರತಿ ಹಾರಾಟದ ಅದುರಿಗೂ ಅಲ್ಲಿ ಉಜ್ಜುತ್ತಿತ್ತು. ಟೇಪ್ ಬಿಗಿಯಾಗಿ ಹಿಡಿದಷ್ಟೂ ಅಂಚಿಗೆ ಒತ್ತಡ ಜಾಸ್ತಿ.

ಈಗ ಮೊದಲು 400 ನಂಬರಿನ ಮರಳು ಕಾಗದವನ್ನು ನೀರಲ್ಲಿ ಅದ್ದಿ ಅಂಚು ಮೊಂಡು ಮಾಡುತ್ತೇನೆ. ಒಣದಾಗಿ ಉಜ್ಜಬೇಡಿ, ಕಾರ್ಬನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಮೇಲೆ ಬರೀ ತೋಳಿಗೆ ಒಂದು ಸುತ್ತು ಟೇಪ್. ಅದರ ಮೇಲೆ ವೈರ್, ಮತ್ತೆ ಟೇಪ್. ಅಂಚು ದಾಟುವ ಕಡೆ ವೈರ್ ಸ್ವಲ್ಪ ಸಡಿಲ ಬಿಡುತ್ತೇನೆ.

ಒಂದು ದೂರು ಇನ್ನೂ ಇದೆ. ಇಬ್ಬನಿ ಹುಲ್ಲಿನಲ್ಲಿ ಇಳಿಸಿದರೆ ಟೇಪ್ ನೀರು ಕುಡಿಯುತ್ತದೆ, ಮಣ್ಣೂ ಹಿಡಿಯುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಪೂರ್ತಿ ಬಿಚ್ಚುತ್ತೇನೆ. ವೈರ್ ಕಾರ್ಬನ್‌ಗೆ ತಾಗಿದೆಯಾ ಅಂತ ನೋಡಲು, ಬ್ಯಾಟರಿ ತೆಗೆದು, ಮಲ್ಟಿಮೀಟರ್‌ನ ಒಂದು ಕಡ್ಡಿ ಮೋಟಾರ್ ವೈರ್‌ನ ಬೆಸುಗೆಗೆ, ಇನ್ನೊಂದು ತೋಳಿನ ಕತ್ತರಿಸಿದ ಅಂಚಿಗೆ. ಬೀಪ್ ಒಂದನ್ನೇ ನಂಬಬೇಡಿ, ಕಾರ್ಬನ್‌ನ ರೆಸಿಸ್ಟೆನ್ಸ್‌ಗೆ ಅದು ಕೂಗದೇ ಇರಬಹುದು. ಮೀಟರನ್ನು ಓಮ್ಸ್‌ಗೆ, ಅಂದರೆ ರೆಸಿಸ್ಟೆನ್ಸ್ ಅಳತೆಗೆ, ಇಟ್ಟು ನೋಡಿ. ಹೋದ ಭಾನುವಾರ ನಾಲ್ಕೂ ತೋಳಿನಲ್ಲಿ ಮೀಟರ್ ಮುಳ್ಳು ಅಲುಗಲಿಲ್ಲ, ಅಂದರೆ ಎಲ್ಲೂ ತಾಗಿಲ್ಲ. ಅದೇ ಸುರುಳಿಯಲ್ಲಿ ಇನ್ನೂ ಅರ್ಧ ಟೇಪ್ ಉಳಿದಿದೆ.