ಕಮ್ಯುನಿಟಿ ಕಾಲೇಜಿನ ಶಿಶುಶಿಕ್ಷಣ ಸರ್ಟಿಫಿಕೇಟ್: ಓದಿ, ಕೆಲಸ ಮಾಡಿದ ಮೇಲಿನ ಅಭಿಪ್ರಾಯ

ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ನಾನು 2016ರ ಆಗಸ್ಟ್‌ನಿಂದ 2019ರ ಮೇ ತಿಂಗಳವರೆಗೆ ಶಿಶುಶಿಕ್ಷಣದ ಸರ್ಟಿಫಿಕೇಟ್ ಕೋರ್ಸ್ ಓದಿದೆ. ಅಂದಿನಿಂದ ಇಂದಿನವರೆಗೂ ಅದೇ ಓದಿನ ಬಲದಿಂದ ಒಂದು ಪ್ರೀಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೇನೆ. ಎಚ್-4 (ಅವಲಂಬಿತರ) ವೀಸಾದಲ್ಲಿ ಗಂಡನ ಜೊತೆ ಬಂದು, ಊರಿನಲ್ಲಿ ಮಾಡಿದ್ದ ಬಿ.ಕಾಂ. ಪದವಿಯನ್ನು ಏನು ಮಾಡುವುದೆಂದು ತಿಳಿಯದೆ ಕುಳಿತಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಮತ್ತೆ ಮತ್ತೆ ಈ ಕೋರ್ಸಿನ ಬಗ್ಗೆ ಕೇಳುವುದರಿಂದ, ಕಂಡದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಪ್ರವೇಶಕ್ಕೆ ಪರೀಕ್ಷೆಯಿಲ್ಲ, ಹದಿನೆಂಟು ತುಂಬಿದವರು ಯಾರು ಬೇಕಾದರೂ ಸೇರಬಹುದು. ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್ಟಿಗೆ (ಅಂದರೆ ಓದಿನ ಒಂದು ಕ್ರೆಡಿಟ್ಟಿಗೆ) 46 ಡಾಲರ್. ಸರ್ಟಿಫಿಕೇಟಿಗೆ ನಾನು ಓದಿದ್ದು ಮೂರು ಮೂರು ಯೂನಿಟ್ಟಿನ ಎಂಟು ವಿಷಯಗಳು, ಒಟ್ಟು 24 ಯೂನಿಟ್. ಅಂದರೆ 1,104 ಡಾಲರ್. ಇದರ ಜೊತೆಗೆ ಸಣ್ಣಪುಟ್ಟ ಶುಲ್ಕಗಳು ಮತ್ತು ಪುಸ್ತಕದ ಖರ್ಚು ಬೇರೆ. ಎಚ್-4 ವೀಸಾದವರನ್ನೂ ನಿವಾಸಿಗಳೆಂದು ಪರಿಗಣಿಸಬಹುದಾದರೂ, ಸೆಮಿಸ್ಟರ್ ಆರಂಭವಾಗುವ ಮೊದಲು ಒಂದು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿ ನೆಲೆಸಿದ್ದಕ್ಕೆ ದಾಖಲೆ ಕೊಡಬೇಕಾಗುತ್ತದೆ. ಆ ದಾಖಲೆಯಿಲ್ಲದಿದ್ದರೆ ಶುಲ್ಕ ಹಲವು ಪಟ್ಟು ಏರುವುದರಿಂದ, ಮನೆ ಬಾಡಿಗೆಯ ಕರಾರುಪತ್ರ ಮತ್ತು ತೆರಿಗೆಯ ಕಾಗದಗಳನ್ನು ಮೊದಲ ದಿನದಿಂದಲೇ ಜೋಪಾನವಾಗಿ ತೆಗೆದಿರಿಸಿಕೊಳ್ಳಬೇಕು.

ತರಗತಿಗಳು ಹೆಚ್ಚಾಗಿ ಸಂಜೆ ಆರರಿಂದ ಒಂಬತ್ತರವರೆಗೆ ನಡೆಯುತ್ತಿದ್ದವು. ದಿನವಿಡೀ ಶಿಶುಪಾಲನಾ ಕೇಂದ್ರಗಳಲ್ಲಿ ದುಡಿದು ನೇರವಾಗಿ ತರಗತಿಗೆ ಬರುತ್ತಿದ್ದ, ನನಗಿಂತ ಹತ್ತು ಹದಿನೈದು ವರ್ಷ ಹಿರಿಯರಾದ ಸಹಪಾಠಿಗಳಿದ್ದರು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ವಿಷಯಕ್ಕೆ ಅವರು ಅಂದು ಬೆಳಿಗ್ಗೆಯಷ್ಟೇ ಕಂಡ ಉದಾಹರಣೆಯನ್ನು ಕೊಡುತ್ತಿದ್ದರು. ಅವರಿಂದ ಕಲಿತದ್ದು ಕಡಿಮೆಯೇನಲ್ಲ.

ಆದರೆ ಈ ಕೋರ್ಸಿನ ನಿಜವಾದ ಬೆಲೆ ಗೊತ್ತಾದದ್ದು ಮಕ್ಕಳ ವೀಕ್ಷಣೆ ಎಂಬ ವಿಷಯವನ್ನು ಓದುವಾಗ. ಕಾಲೇಜಿನ ಆವರಣದಲ್ಲೇ ಒಂದು ಶಿಶುಕೇಂದ್ರವಿತ್ತು. ಒಂದೇ ಬದಿಯಿಂದ ಕಾಣುವ ಗಾಜಿನ ಹಿಂದೆ ಕುಳಿತು, ಒಂದೇ ಮಗುವನ್ನು ಹತ್ತು ನಿಮಿಷ ನೋಡಿ, ಕಂಡದ್ದನ್ನಷ್ಟೇ ಬರೆಯಬೇಕಾಗಿತ್ತು. ನನ್ನ ಮೊದಲ ವರದಿಯಲ್ಲಿ "ಮಗು ಹಠ ಮಾಡಿತು" ಎಂಬ ಅರ್ಥದ ವಾಕ್ಯವೊಂದಿತ್ತು. ಅಧ್ಯಾಪಕಿ ಅದರ ಸುತ್ತ ಗೆರೆ ಎಳೆದು, ನಿಮ್ಮ ಕಣ್ಣಿಗೆ ಬಿದ್ದದ್ದು ಏನು ಎಂದು ಕೇಳಿ ಹಿಂತಿರುಗಿಸಿದರು. ಮತ್ತೆ ನೆನಪಿಸಿಕೊಂಡು ಬರೆದಾಗ ಅದು, ಪಕ್ಕದವನು ಕೈ ಚಾಚಿದ ಕೂಡಲೇ ಮರದ ತುಂಡುಗಳನ್ನು ಎರಡೂ ಕೈಗಳಿಂದ ಎದೆಗೆ ಒತ್ತಿಕೊಂಡು, ಮೈ ತಿರುಗಿಸಿ ಕುಳಿತು, ತಾನು ಕಟ್ಟುತ್ತಿದ್ದ ಗೋಡೆಯ ಕಡೆಗೇ ನೋಡುತ್ತಿದ್ದ ಮಗುವಿನ ಚಿತ್ರವಾಯಿತು. ಅಲ್ಲಿ ಹಠವಿರಲಿಲ್ಲ, ಮುಗಿಯದ ಕೆಲಸವೊಂದಿತ್ತು. ಜಾಣ, ತುಂಟ, ಹಠಮಾರಿ ಎಂದು ಮಕ್ಕಳಿಗೆ ಸಲೀಸಾಗಿ ಹೆಸರಿಟ್ಟುಬಿಡುವ ಮನೆಯಲ್ಲಿ ಬೆಳೆದ ನನಗೆ ಈ ಶಿಸ್ತು ರೂಢಿಯಾಗಲು ಒಂದು ಇಡೀ ಸೆಮಿಸ್ಟರ್ ಹಿಡಿಯಿತು. ಇಂದಿಗೂ ತಂದೆತಾಯಿಯರ ಜೊತೆ ಮಾತನಾಡುವಾಗ ನನ್ನನ್ನು ಕಾಯುವುದು ಆ ಅಭ್ಯಾಸವೇ.

ಮನೆಮಾತಿನ ಕುರಿತ ಪಾಠವನ್ನೂ ಇಲ್ಲಿ ಹೇಳಲೇಬೇಕು. ಮನೆಯ ಭಾಷೆ ಗಟ್ಟಿಯಾಗಿದ್ದರೆ ಇಂಗ್ಲಿಷ್ ಕಲಿಕೆಗೆ ತೊಡಕಾಗದು, ಬದಲಾಗಿ ಆಸರೆಯಾಗುತ್ತದೆ ಎಂಬುದನ್ನು ಅಲ್ಲಿ ಕಾರಣಸಹಿತವಾಗಿ ಕಲಿಸಿದರು. ಶಾಲೆಯಲ್ಲಿ ಹಿಂದೆ ಬಿದ್ದಾಳೆಂಬ ಭಯದಿಂದ ಮಗಳ ಜೊತೆ ಕನ್ನಡ ಬಿಟ್ಟಿದ್ದ ನಾನು, ಆ ವಾರದಿಂದಲೇ ಮತ್ತೆ ಕನ್ನಡದಲ್ಲಿ ಮಾತನಾಡತೊಡಗಿದೆ.

ಕೊರತೆಗಳು ಪಾಠದಲ್ಲಿರಲಿಲ್ಲ, ಮಾರ್ಗದರ್ಶನದಲ್ಲಿದ್ದವು. ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡುವ ಪ್ರಾಕ್ಟಿಕಮ್ ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ, ಜನವರಿಯಲ್ಲಿ ಆರಂಭವಾಗುವ ಸೆಮಿಸ್ಟರಿನಲ್ಲಿ ಮಾತ್ರ ನಡೆಯುತ್ತಿತ್ತು. ಅದಕ್ಕೂ ಮೊದಲು ವೀಕ್ಷಣೆಯ ವಿಷಯ ಮುಗಿದಿರಬೇಕಾಗಿತ್ತು. ಈ ಕ್ರಮವನ್ನು ಕೌನ್ಸೆಲರ್ ನನಗೆ ತಿಳಿಸಲಿಲ್ಲ. 2018ರ ಮೇ ಹೊತ್ತಿಗೆ ಏಳು ವಿಷಯ ಮುಗಿಸಿದ್ದರೂ, ಉಳಿದ ಒಂದಕ್ಕಾಗಿ ಮುಂದಿನ ಜನವರಿಯವರೆಗೆ ಕಾಯಬೇಕಾಯಿತು. ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ನೋಯಿಸಿತು. ಶಿಶುಶಿಕ್ಷಕರಿಗೆ ರಾಜ್ಯ ಕೊಡುವ ಪರ್ಮಿಟ್ಟಿನ ಲೆಕ್ಕಕ್ಕೆ ಭಾರತದ ಪದವಿ ಬಾರದೆಂದು ಕಾಲೇಜಿನಲ್ಲಿ ಹೇಳಿದ್ದನ್ನು ನಂಬಿ, ಆ ಕಾಯುವ ಅವಧಿಯಲ್ಲಿ ಆ ಪರ್ಮಿಟ್ಟಿಗೆ ಬೇಕಾದ ಸಾಮಾನ್ಯ ಶಿಕ್ಷಣದ (ಇಂಗ್ಲಿಷ್, ಗಣಿತದಂಥ) ಎರಡು ವಿಷಯಗಳನ್ನು ಹೊಸದಾಗಿ ಓದಿದೆ. ವಾಸ್ತವದಲ್ಲಿ, ರಾಜ್ಯದ ಶಿಕ್ಷಕ ಅರ್ಹತಾ ಆಯೋಗವು ಮಾನ್ಯ ಮಾಡಿರುವ ಸಂಸ್ಥೆಯಿಂದ ಅಂಕಪಟ್ಟಿಯನ್ನು ವಿಷಯವಾರು ಮೌಲ್ಯಮಾಪನ ಮಾಡಿಸಿದರೆ, ಹೊರದೇಶದ ಓದನ್ನೂ ಪರಿಗಣಿಸುತ್ತಾರೆ. ಇದು ತಿಳಿದದ್ದು ಸಹಪಾಠಿಯೊಬ್ಬರಿಂದ.

ಆದ್ದರಿಂದ ಸೇರುವ ಮೊದಲು ಆಯೋಗದ ಪರ್ಮಿಟ್ ಪಟ್ಟಿಯನ್ನು ನೀವೇ ಕುಳಿತು ಓದಿರಿ. ನಾನು ಓದುವಾಗ ಅಸೋಸಿಯೇಟ್ ಟೀಚರ್ ಪರ್ಮಿಟ್ಟಿಗೆ ಶಿಶುಶಿಕ್ಷಣದ 12 ಯೂನಿಟ್‌ಗಳ ಜೊತೆಗೆ ಎರಡು ವರ್ಷದೊಳಗೆ 50 ದಿನಗಳ, ದಿನಕ್ಕೆ ಕನಿಷ್ಠ ಮೂರು ಗಂಟೆಗಳ ಅನುಭವ ಬೇಕಾಗಿತ್ತು. ಅದರ ಮೇಲಿನ ಟೀಚರ್ ಪರ್ಮಿಟ್ಟಿಗೆ ಶಿಶುಶಿಕ್ಷಣದ 24, ಸಾಮಾನ್ಯ ಶಿಕ್ಷಣದ 16 ಯೂನಿಟ್ ಮತ್ತು ನಾಲ್ಕು ವರ್ಷದೊಳಗೆ 175 ದಿನಗಳ ಅನುಭವ. ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಆದರೆ ಸಂಬಳದ ಕೆಲಸಕ್ಕೆ ಇಎಡಿ ಎಂಬ ಕೆಲಸದ ಅನುಮತಿ ಪತ್ರ ಕೈಗೆ ಬಂದಿರಬೇಕು. ಆ ಪತ್ರ ಸಿಗುವುದು ಗಂಡನ ಗ್ರೀನ್ ಕಾರ್ಡ್ ಅರ್ಜಿಯನ್ನು ಅವಲಂಬಿಸಿರುವುದರಿಂದ, ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ನೋಡಿಕೊಂಡೇ ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಓದುವುದೆಂದು ಹಂಚಿಕೊಳ್ಳುವುದು ಒಳ್ಳೆಯದು. ಲಸಿಕೆಯ ದಾಖಲೆ, ಕ್ಷಯದ ತಪಾಸಣೆ ಮತ್ತು ಬೆರಳಚ್ಚಿನ ಪರಿಶೀಲನೆಗೆ ಕೆಲವು ವಾರಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಸಂಬಳದ ಬಗ್ಗೆ ಮುಚ್ಚುಮರೆ ಬೇಡ: ಈ ಕ್ಷೇತ್ರದಲ್ಲಿ ಅದು ಕಡಿಮೆ, ಶ್ರಮ ಹೆಚ್ಚು. ಲೈಸೆನ್ಸ್ ನಿಯಮದ ಪ್ರಕಾರ ಪ್ರೀಸ್ಕೂಲಿನಲ್ಲಿ ಒಬ್ಬ ಶಿಕ್ಷಕಿಗೆ ಹನ್ನೆರಡು ಮಕ್ಕಳವರೆಗೆ ಒಪ್ಪಿಸಬಹುದು. ಸಂಜೆ ಮನೆಗೆ ಬಂದಾಗ ಬೆನ್ನು ನೋಯುತ್ತದೆ, ಗಂಟಲು ಕಟ್ಟಿರುತ್ತದೆ. ಹೀಗಿದ್ದೂ ನನ್ನ ತಂಗಿ ಈ ರಾಜ್ಯಕ್ಕೆ ಬಂದಾಗ, ಅವಳನ್ನು ಇದೇ ಕೋರ್ಸಿಗೆ ಸೇರಿಸಿದೆ. ಮೊದಲ ವರ್ಷದಲ್ಲೇ ವೀಕ್ಷಣೆಯ ವಿಷಯವನ್ನು ಮುಗಿಸಿಕೊಂಡಿರುವ ಅವಳು, ಬರುವ ಜನವರಿಯಲ್ಲಿ ಪ್ರಾಕ್ಟಿಕಮ್‌ಗೆ ಹೋಗುತ್ತಾಳೆ.