ಮಂಡಿನೋವಿನ ಅಮ್ಮನ ಜೊತೆ ಮೂರು ಕಡಲೂರು: ಕಾರವಾರ, ಫೋರ್ಟ್ ಕೊಚ್ಚಿ, ಪುದುಚೇರಿ

ಹಾಸನದವರು ಕಡಲು ನೋಡಬೇಕು ಅಂದರೆ ಶಿರಾಡಿ ಘಾಟಿ ಇಳಿಯೋದೇ ರೂಢಿ. ನಮ್ಮ ಮನೆಯಲ್ಲಿ ಮಾತ್ರ ಈಗ ಪುದುಚೇರಿಯದ್ದೇ ಮಾತು. ದೂರ ಜಾಸ್ತಿ, ಖರ್ಚೂ ಜಾಸ್ತಿ, ಹೇಳಿಕೊಳ್ಳುವಷ್ಟು ಮರಳೂ ಅಲ್ಲಿಲ್ಲ. ಆದರೂ ಮುಂದಿನ ಸಲವೂ ಅಲ್ಲಿಗೇ.

ನಾವು ಈಜೋರಲ್ಲ, ಬೋಟ್ ಹತ್ತೋರೂ ಅಲ್ಲ. ಬೆಳಗಾದರೆ ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕೋ ಅಭ್ಯಾಸದವರು. ರೂಮಿನಿಂದ ಚಪ್ಪಲಿ ಮೆಟ್ಟಿ ಹೊರಟರೆ ಕಡಲು, ಕಾಫಿ, ದೇವಸ್ಥಾನ ಎಲ್ಲಾ ನಡಿಗೆಯಲ್ಲೇ ಸಿಗಬೇಕು. ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು.

ಕಾರವಾರಕ್ಕೆ ಹೋಗೋದು ಸುಲಭ. ರಾತ್ರಿ ಹಾಸನದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಅಲ್ಲಿ. ಸ್ಟೇಷನ್ ಊರಾಚೆ ಶಿರವಾಡದಲ್ಲಿದೆ, ಆಟೋ ಬೇಕು. ಬೀಚಿನ ವಿಷಯದಲ್ಲಿ ತಕರಾರಿಲ್ಲ. ಅಗಲವಾದ ಮರಳು, ಎದುರಿಗೆ ದ್ವೀಪಗಳು, ಪಕ್ಕದಲ್ಲೇ ಚಪಲ್ ಯುದ್ಧನೌಕೆಯ ಮ್ಯೂಸಿಯಂ. ಅಣ್ಣ ಸತ್ಯೇಂದ್ರನಾಥರು ಜಡ್ಜ್ ಆಗಿದ್ದಾಗ ಟ್ಯಾಗೋರರು ಬಂದು ಇದ್ದು ಹೋದ ಊರು, ಬೀಚಿಗೆ ಅವರದೇ ಹೆಸರು.

ತೊಂದರೆ ಬಂದದ್ದು ಬೇರೆ ಕಡೆಯಿಂದ. ಲಾಡ್ಜಿನವರು ಫೋನಿನಲ್ಲಿ "ಬೀಚ್ ಎದುರಿಗೇ ಸರ್" ಅಂದಿದ್ದರು. ಸುಳ್ಳಲ್ಲ, ಕಿಟಕಿಯಿಂದ ಕಡಲು ಕಾಣುತ್ತಿತ್ತು. ಆದರೆ ಊರಿಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಮಲಗಿದೆ. ಒಂದು ಲಾರಿ ಹೋಯಿತು ಅನ್ನುವಷ್ಟರಲ್ಲಿ ಹಿಂದೆ ಬಸ್ಸು, ಬಸ್ಸಿನ ಮರೆಯಿಂದ ಬೈಕು. ಅಮ್ಮ ಒಂದು ಹೆಜ್ಜೆ ಮುಂದಿಡುತ್ತಾರೆ, ಎರಡು ಹೆಜ್ಜೆ ಹಿಂದೆ ಬರುತ್ತಾರೆ. ಡಿವೈಡರ್ ಹತ್ತಿ ಇಳಿಯೋದು ಅವರಿಂದ ಆಗೋ ಕೆಲಸವಲ್ಲ. ಜಾಗ ಬಿಟ್ಟಿರುವ ಕಡೆವರೆಗೆ ನಡೆದು, ಅಲ್ಲಿ ನಿಂತು, ನಾನು ಕೈ ಅಡ್ಡ ಹಿಡಿದು ದಾಟಿಸಬೇಕು. "ಏನ್ ಮಗಾ, ಸಮುದ್ರ ನೋಡೋಕೆ ಬಂದ್ವೋ, ಲಾರಿ ನೋಡೋಕೆ ಬಂದ್ವೋ?" ಅಂದರು.

ಬೆಳಗ್ಗೆ ಬೀಚಿಗೆ ಹೋಗೋಕೆ ಒಂದು ಸಲ ದಾಟು, ಕಾಫಿಗೆ ಊರೊಳಗೆ ಬರೋಕೆ ಮತ್ತೊಂದು ಸಲ. ಸಂಜೆ ವಾಪಸ್ ಬರುವಾಗ ಕತ್ತಲು, ಹೆಡ್‌ಲೈಟು ಕಣ್ಣಿಗೆ ಹೊಡೆಯುತ್ತದೆ. ಇಷ್ಟೆಲ್ಲಾ ಮಾಡಿ ಆಚೆ ಹೋದರೆ ಮರಳಿನಲ್ಲಿ ಕಾಲು ಹೂತು ಮಂಡಿ ಇನ್ನೂ ನೋಯುತ್ತದೆ. ಕೊನೆಕೊನೆಗೆ ಅಮ್ಮ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಫೋರ್ಟ್ ಕೊಚ್ಚಿ ನಡೆಯೋಕೆ ಒಳ್ಳೆಯ ಜಾಗ. ದೊಡ್ಡ ದೊಡ್ಡ ಮರಗಳ ನೆರಳಿದೆ, ಚೀನಾ ಬಲೆಗಳಿವೆ, ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದ ಚರ್ಚಿದೆ. ಕಡಲು ಮರಳನ್ನು ತಿಂದು ಬೀಚ್ ಸಣ್ಣದಾಗಿದೆ. ಅಮ್ಮನಿಗೆ ಮೀನಿನ ವಾಸನೆ ಆಗಲಿಲ್ಲ. ಅಲ್ಲಿಗೆ ಆ ಕಥೆ ಮುಗಿಯಿತು.

ಪುದುಚೇರಿಯಲ್ಲಿ ಕಡಲ ದಡಕ್ಕೆ ಕಪ್ಪು ಬಂಡೆ ಪೇರಿಸಿದ್ದಾರೆ. 1980ರ ದಶಕದಲ್ಲಿ ದಕ್ಷಿಣಕ್ಕೆ ಬಂದರು ಕಟ್ಟಿದ ಮೇಲೆ ಉತ್ತರಕ್ಕೆ ಸಾಗಿ ಬರುತ್ತಿದ್ದ ಮರಳು ಅಲ್ಲೇ ತಡೆದು ನಿಂತಿತು, ಇದ್ದ ಮರಳನ್ನು ಅಲೆ ಎಳೆದುಕೊಂಡಿತು. ಈಚೆಗೆ ನೀರೊಳಗೆ ತಡೆ ಇಳಿಸಿ ಒಂದು ಕಡೆ ಸ್ವಲ್ಪ ಮರಳು ತರಿಸಿದ್ದಾರೆ. ಅದು ನೋಡೋಕೆ ಚೆಂದ, ನಮಗೆ ಬೇಕಾಗಿಲ್ಲ.

ನಮಗೆ ಬೇಕಾದದ್ದು ದಡದುದ್ದಕ್ಕೂ ಇರುವ ರಸ್ತೆ. ಸಮತಟ್ಟಾಗಿದೆ, ಸಂಜೆ 6ರಿಂದ ಬೆಳಗ್ಗೆ 7.30ರವರೆಗೆ ಗಾಡಿ ಬಿಡೋದಿಲ್ಲ. ಅಮ್ಮ ರಸ್ತೆ ಮಧ್ಯದಲ್ಲೇ ಸೆರಗು ಹೊದ್ದುಕೊಂಡು ನಡೆಯುತ್ತಾರೆ. ಸುಸ್ತಾದರೆ ಕಡಲ ಕಡೆಯ ಗಿಡ್ಡ ಗೋಡೆ ಮೇಲೆ ಕೂರುತ್ತಾರೆ, ಗಾಂಧಿ ಪ್ರತಿಮೆ ಹತ್ತಿರ ಇನ್ನೊಂದು ಸಲ ಕೂರುತ್ತಾರೆ. ಪೂರ್ವದ ಕಡಲು, ಹಾಗಾಗಿ ಸೂರ್ಯ ನೀರಿನಿಂದ ಮೇಲೆ ಬರೋದು ವಾಕಿಂಗ್ ಹೊತ್ತಿಗೇ. ಸಾಯಂಕಾಲ ಬಿಸಿಲು ಕಟ್ಟಡಗಳ ಹಿಂದೆ ಸರಿದು ರಸ್ತೆಗೆ ಬೇಗ ನೆರಳಾಗುತ್ತದೆ. ಓಣಿಗಳು ಗೆರೆ ಎಳೆದಂತೆ ನೇರ, ಪೂರ್ವಕ್ಕೆ ಯಾವುದನ್ನು ಹಿಡಿದರೂ ಕಡಲೇ. ಮಣಕುಳ ವಿನಾಯಕರ್ ದೇವಸ್ಥಾನವೂ ನಡಿಗೆಯಷ್ಟೇ ದೂರ. ಕಾಲುವೆ ದಾಟಿದರೆ ಇಡ್ಲಿ, ದಬರಾ ಕಾಫಿ.

ಹಗಲು ಹೊತ್ತು ಬೇರೆ ಊರೇ. ಸ್ಕೂಟರ್‌ಗಳ ಹಾರ್ನ್, ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕು. ನಾವು ಆಗ ಊಟ ಮಾಡಿ ಮಲಗಿರುತ್ತೇವೆ ಬಿಡಿ.

ದುಡ್ಡಿನ ಮಾತು. ಬೆಂಗಳೂರಿನಲ್ಲಿ ಬಸ್ ಬದಲಿಸಬೇಕು, ಕಡಲ ಪಕ್ಕದ ಹಳೇ ಫ್ರೆಂಚ್ ಬಡಾವಣೆ ವೈಟ್ ಟೌನ್‌ನ ಹಳದಿ ಗೋಡೆಯ ಹೋಟೆಲ್‌ಗಳು ನಮ್ಮಂಥವರಿಗೆ ಕೈ ಕಚ್ಚುತ್ತವೆ. ಶನಿವಾರ, ಭಾನುವಾರ ಬೆಂಗಳೂರು, ಚೆನ್ನೈನವರು ತುಂಬಿರುತ್ತಾರೆ. ನಾವು ವಾರದ ಮಧ್ಯೆ ಹೋಗುತ್ತೇವೆ, ಅರವಿಂದಾಶ್ರಮದ ಗೆಸ್ಟ್‌ಹೌಸ್ ಕೇಳುತ್ತೇವೆ. ರಾತ್ರಿ ಗೇಟು ಹಾಕಿಬಿಡುತ್ತಾರೆ, ಕುಡಿಯೋ ಹಾಗಿಲ್ಲ. ಒಂಬತ್ತಕ್ಕೆ ಮಲಗೋ ನಮಗೆ ಅದೇನು ತೊಂದರೆ ಅಲ್ವಾ?

ಮಕ್ಕಳು ಮರಳಲ್ಲಿ ಆಡಬೇಕು, ಕನ್ನಡದಲ್ಲೇ ವ್ಯವಹಾರ ಆಗಬೇಕು, ಖರ್ಚೂ ಕಡಿಮೆ ಇರಬೇಕು ಅನ್ನೋರು ಕಾರವಾರಕ್ಕೇ ಹೋಗಿ. ಲಾಡ್ಜಿಗೆ ಫೋನ್ ಮಾಡಿದಾಗ ಬೀಚ್ ಎಷ್ಟು ದೂರ ಅಂತ ಕೇಳಬೇಡಿ, ಹೈವೇ ಎಲ್ಲಿ ದಾಟಬೇಕು ಅಂತ ಕೇಳಿ.